ಕಾಳಿ ಎಂಬ ಬಳಕೆದಾರಳು

ಕಾಳಿ ಹುಟ್ಟಿದ್ದು ಜರ್ಮನಿಯಲ್ಲಿ, ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೂ ಮೂರಕ್ಕೂ ನಡುವೆ. ಹುಟ್ಟುವಾಗಲೇ ಅವಳಿಗೆ ಐವತ್ತೆರಡು ವರ್ಷ.

ಅವಳನ್ನು ಹುಟ್ಟಿಸಿದವಳು ಕೊಡಗಿನ ಅಮ್ಮತ್ತಿಯ ಮೋನಿಷಾ. ಕಾರು ತಯಾರಿಸುವುದರಲ್ಲೇ ಹೆಸರಾದ ದಕ್ಷಿಣ ಜರ್ಮನಿಯ ಒಂದು ಊರಿನಲ್ಲಿ ಅವಳು ಎಂ.ಎ. ಓದುತ್ತಿದ್ದಳು. ವಿಷಯ, ಸ್ಮಾರ್ಟ್ ಮೊಬಿಲಿಟಿಗಾಗಿ ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್. ಅಂದರೆ ಜನ ಫೋನಿನಲ್ಲಿ ಬಸ್ಸು, ಕಾರು, ಸೈಕಲ್ಲು ಕರೆಸಿಕೊಂಡು ಹತ್ತಿ ಇಳಿಯುವಾಗ ಎಲ್ಲಿ ತಡವರಿಸುತ್ತಾರೆ, ಯಾಕೆ ಬೈಯುತ್ತಾರೆ ಎಂಬುದನ್ನು ನೋಡಿ, ತಡವರಿಸದ ಹಾಗೆ, ಬೈಯದ ಹಾಗೆ ಎಲ್ಲವನ್ನೂ ಹೊಂದಿಸಿ ಕೊಡುವ ವಿದ್ಯೆ. ಅಪ್ಪ ನಾಣಯ್ಯ ಅಮ್ಮತ್ತಿ ಪೇಟೆಯಲ್ಲಿ ಕೇಳಿದವರಿಗೆಲ್ಲ ಮಗಳು ಕಾರಿಗೆ ಓದುತ್ತಿದ್ದಾಳೆ ಎನ್ನುತ್ತಿದ್ದರು. ಅಮ್ಮ ಯಮುನ, ಬಸ್ಸಿಗೆ ಎನ್ನುತ್ತಿದ್ದರು. ಇಬ್ಬರೂ ತಪ್ಪೇನಲ್ಲ ಎಂದುಕೊಂಡು ಮೋನಿಷಾ ತಿದ್ದಲು ಹೋಗಿರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಪ್ರೊಫೆಸರ್ ಬ್ರಿಗಿಟ್ಟೆ ಒಂದು ಕೆಲಸ ಕೊಟ್ಟರು. ವಾಹನ ಸೌಕರ್ಯವಿಲ್ಲದ ಜಾಗದ ಐದು ಜನರನ್ನು ಮಾತಾಡಿಸಬೇಕು. ಐವರನ್ನೂ ಕಡೆದು ಬೆಣ್ಣೆ ತೆಗೆದ ಹಾಗೆ ಒಬ್ಬ ಮಾದರಿ ಬಳಕೆದಾರರನ್ನು ಕಟ್ಟಬೇಕು. ಹೆಸರು, ವಯಸ್ಸು, ಫೋಟೋ, ಭಯ, ಆಸೆ ಎಲ್ಲ ಇರಬೇಕು. ಇದಕ್ಕೆ ಪರ್ಸೋನಾ ಎಂದು ಹೆಸರು. ಮೋನಿಷಾಳ ಶನಿವಾರ, ಭಾನುವಾರಗಳು ಪಾರ್ಸೆಲ್ ಗೋದಾಮಿನಲ್ಲಿ ಡಬ್ಬ ಜೋಡಿಸುವುದರಲ್ಲೇ ಕಳೆಯುತ್ತಿದ್ದವು. ಊರಿನವರಿಗೆ ಎರಡು ಸಲ ಫೋನ್ ಮಾಡಿದಳು. ಒಂದು ಸಲ ನೆಟ್‌ವರ್ಕ್ ಹೋಯಿತು. ಇನ್ನೊಂದು ಸಲ ಆಚೆಯವರು, ಅಲ್ಲಿ ಚಳಿ ಹೇಗಿದೆ ಎಂದು ಇವಳನ್ನೇ ಸಂದರ್ಶಿಸಿದರು. ಕಡೆಗೆ ಕ್ಲಾಸಿಗೆ ಹೋಗುವ ಬಸ್ಸಿನಲ್ಲಿ ಕೂತು, ಯಾರನ್ನೂ ಕೇಳದೆ, ಬೆಣ್ಣೆಯನ್ನೇ ನೇರವಾಗಿ ಮಾಡಿಬಿಟ್ಟಳು.

ಕಾಳಿ, ಐವತ್ತೆರಡು. ತಿತಿಮತಿ ಹತ್ತಿರದ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ ವಾಸ. ಫೋನ್ ಇಲ್ಲ. ಬಸ್ಸಿಗಾಗಿ ಕಾಡಿನ ದಾರಿಯಲ್ಲಿ ಏಳು ಕಿಲೋಮೀಟರ್ ನಡೆಯುತ್ತಾಳೆ. ಭಯ: ಆನೆ. ಆಸೆ: ‘ಸಾಯುವ ಮೊದಲು ಒಮ್ಮೆ ಮೊಮ್ಮಗುವನ್ನು ನೋಡಬೇಕು.’

ಫೋಟೋ ಬೇಕಿತ್ತು. ಹಿಂದಿನ ವರ್ಷ ಕಾಫಿ ಕೊಯ್ಲಿನಲ್ಲಿ ಮನೆಯ ಕಣದಲ್ಲಿ ತೆಗೆದ ಚಿತ್ರಗಳು ಫೋನಿನಲ್ಲಿದ್ದವು. ಒಂದರಲ್ಲಿ, ತಲೆಗೆ ಟವಲ್ ಸುತ್ತಿದ ಹೆಂಗಸೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಕಿರಿದಾದ ಕಣ್ಣು ನೋವಿನ ಹಾಗೆ ಕಾಣುತ್ತಿತ್ತು. ಆಕೆಯ ಹೆಸರೇನೆಂದು ಮೋನಿಷಾಳಿಗೆ ನೆನಪಾಗಲಿಲ್ಲ. ಕಾಳಿ ಎಂದರೆ ಜರ್ಮನರ ಬಾಯಿಗೂ ಸುಲಭ.

ಪ್ರೊಫೆಸರ್ ಅದನ್ನು ನಿಂತುಕೊಂಡು ಓದಿದರು. ಮೊಮ್ಮಗುವಿನ ಸಾಲಿಗೆ ಬಂದಾಗ ಕನ್ನಡಕ ತೆಗೆದರು. ‘ನೋಡಿ, ಕೇಳಿಸಿಕೊಳ್ಳುವುದು ಅಂದರೆ ಇದು’ ಎಂದು ಇಡೀ ಕ್ಲಾಸಿಗೆ ಹೇಳಿದರು. ಆಮೇಲೆ ನಡೆದದ್ದು ಯಾವುದೂ ಮೋನಿಷಾಳ ಕೈಯಲ್ಲಿರಲಿಲ್ಲ. ಕಾಳಿಯ ಆಳೆತ್ತರದ ಪೋಸ್ಟರ್ ವಿಭಾಗದ ಬಾಗಿಲಲ್ಲಿ ನಿಂತಿತು. ಬ್ರೆಜಿಲಿನ ಹುಡುಗ, ಕೊರಿಯಾದ ಹುಡುಗಿ ಎಲ್ಲರೂ ತಮ್ಮ ತಮ್ಮ ಡಿಸೈನಿಗೆ, ‘ಇದಕ್ಕೆ ಕಾಳಿ ಏನೆನ್ನುತ್ತಾಳೆ?’ ಎಂದು ಕೇಳಿಕೊಳ್ಳತೊಡಗಿದರು. ಕಾಳಿ ಒಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಎರಡು ಆ್ಯಪ್‌ಗಳು ಬಿದ್ದುಹೋದವು. ಫೋನಿಲ್ಲದ ಅವಳಿಗೆಂದೇ ಬೀಚ್ ಎಂಬ ಅಲ್ಲಿಯ ಮರದಲ್ಲಿ ಅಂಗೈಯಗಲದ ಒಂದು ಒತ್ತುಗುಂಡಿ ತಯಾರಾಯಿತು. ಬಸ್ ಸ್ಟಾಪಿನಲ್ಲಿ ಅದನ್ನು ಒತ್ತಿದರೆ ಹತ್ತಿರದ ಡ್ರೈವರಿಗೆ ಸಂದೇಶ ಹೋಗುತ್ತದೆ, ನೀಲಿ ದೀಪ ಹತ್ತುತ್ತದೆ, ಗಾಡಿ ಬರುತ್ತದೆ. ಅದಕ್ಕೆ ಅನುದಾನವೂ ಸಿಕ್ಕಿತು.

‘ಜನವರಿಯಲ್ಲಿ ಕೊಡಗಿಗೆ ಹೋಗೋಣ. ಗುಂಡಿಯನ್ನು ಕಾಳಿಯ ಕೈಯಲ್ಲೇ ಒತ್ತಿಸಬೇಕು’ ಎಂದರು ಪ್ರೊಫೆಸರ್.

ರಜೆಗಾಗಿ ಇಲ್ಲದ ಅಜ್ಜಿಯನ್ನು ಸಾಯಿಸಿದವನ ಮನೆಗೆ ಮೇಷ್ಟ್ರು ತಿಥಿ ಊಟಕ್ಕೆ ಹೊರಟ ಹಾಗಾಯಿತು ಮೋನಿಷಾಳ ಪಾಡು.

ಅವಳು ಹತ್ತು ದಿನ ಮುಂಚೆಯೇ ಊರಿಗೆ ಬಂದಳು. ಬಂದವಳೇ ಅಡುಗೆಮನೆಗೆ ಹೋಗಿ, ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ ಫೋಟೋ ತೋರಿಸಿದಳು. ಮನೆಯಲ್ಲಿ ಅವರು ಮಾತಾಡುವುದು ಅರೆಭಾಷೆ; ಅದರಲ್ಲಿ ‘ಉಟ್ಟು’ ಎಂದರೆ ಇದೆ.

‘ಇದ್ ಯಾರಮ್ಮ?’

ಯಮುನ ಹಿಟ್ಟಿನ ಕೈಯನ್ನು ದೂರ ಹಿಡಿದು ನೋಡಿದರು. ‘ಸಿದ್ದಿ ಅಲಾ! ನಿಂಗೆ ಗೊತ್ತಿಲ್ಲೆನಾ? ಎಂಟು ವರ್ಷ ಆತ್ ನಮ್ಮಲ್ಲಿಗೆ ಕೆಲ್ಸಕ್ಕೆ ಬಾಕೆ ಶುರುಮಾಡಿ.’

‘ಅವಳತ್ರ ಫೋನ್ ಉಟ್ಟಾ?’

‘ಒಂದಲ್ಲ, ಎರಡು ಉಟ್ಟು. ಎಂಥಕ್ಕೆ?’

ಕಾವಲಿಯ ಮೇಲಿನ ರೊಟ್ಟಿ ಒಂದು ಕಡೆ ಸೀಯುತ್ತಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಅವಳು, ಅಮ್ಮ ಹೇಳಿದ ಗುರುತು ಹಿಡಿದು, ತಿತಿಮತಿಯಲ್ಲಿದ್ದಳು. ಇನ್ನೂ ಬಾಗಿಲು ತೆರೆಯದ ಅಂಗಡಿಯೊಂದರ ಜಗಲಿಯ ಮೇಲೆ ಸಿದ್ದಿ ಕೂತಿದ್ದಳು. ಎದುರಿಗೆ ಐದಾರು ಜೀಪು, ಸುತ್ತ ಹತ್ತಿರದ ಕಾಡಂಚಿನ ಆದಿವಾಸಿ ಹಾಡಿಗಳಿಂದ ಬಂದ ಎಪ್ಪತ್ತು ಜನ ಕೆಲಸಗಾರರು. ಯಾವ ಎಸ್ಟೇಟಿಗೆ ಎಷ್ಟು ಆಳು, ಯಾರು ಯಾವ ಜೀಪಿಗೆ, ಯಾವ ಜೀಪು ಯಾವ ದಾರಿಯಲ್ಲಿ ಎಂಬುದೆಲ್ಲ ಅವಳ ಬಾಯಿಂದ ಹೊರಡಬೇಕು. ಕಾಗದವಿಲ್ಲ, ಪೆನ್ನಿಲ್ಲ. ಕೈಯಲ್ಲಿ ಒಂದು ಬಟನ್ ಫೋನು, ಸೊಂಟದ ಚೀಲದಲ್ಲಿ ಇನ್ನೊಂದು.

‘ತೀರ್ಥಪ್ರಸಾದಾ, ನೀನು ದೇವರಪುರದ ಕಡೆ ಹೋಗ್ಬೇಡ, ಅಲ್ಲಿ ಒಂಟಿ ಆನೆ ನಿಂತಿದೆಯಂತೆ. ಸುತ್ತು ಹಾಕಿ ಹೋಗು. ವಸಂತಳನ್ನ ಮುಂದೆ ಕೂರಿಸು, ಹಿಂದೆ ಕೂತ್ರೆ ವಾಂತಿ ಮಾಡ್ತಾಳೆ.’

ಇಪ್ಪತ್ತು ನಿಮಿಷದಲ್ಲಿ ರಸ್ತೆ ಖಾಲಿಯಾಯಿತು. ಕೊನೆಯ ಜೀಪಿನಲ್ಲಿ ತಾನೂ ಕೊಯ್ಲಿಗೆ ಹೊರಡಲು ಎದ್ದ ಸಿದ್ದಿಯನ್ನು ಮೋನಿಷಾ ತಡೆದು, ತಾನು ಯಮುನರ ಮಗಳು ಎಂದು ಹೇಳಿಕೊಂಡಳು.

‘ಗೊತ್ತಲ್ಲ. ಫಾರಿನ್ನಲ್ಲಿ ಬಸ್ಸಿಗೆ ಓದೋ ಅಕ್ಕ.’

ಮೋನಿಷಾ ಅರ್ಧ ಹೇಳಿದಳು, ಅರ್ಧ ನುಂಗಿದಳು. ಜರ್ಮನಿಯಿಂದ ಒಬ್ಬರು ಮೇಡಂ ಬರುತ್ತಾರೆ. ಎರಡು ದಿನ ಸಿದ್ದಕ್ಕ ಕಾಳಿ ಅಂತ ಹೆಸರಿಟ್ಟುಕೊಳ್ಳಬೇಕು. ಫೋನ್ ಇಲ್ಲ ಅನ್ನಬೇಕು. ಒಂದು ಗುಂಡಿ ಒತ್ತಬೇಕು. ಫೋಟೋದ ವಿಷಯ ಮಾತ್ರ ನುಂಗಿದ ಅರ್ಧದಲ್ಲೇ ಉಳಿಯಿತು.

‘ಅಂದ್ರೆ ನಾಟಕ?’

‘ನಾಟಕ ಅಲ್ಲ ಸಿದ್ದಕ್ಕ, ಟೆಸ್ಟಿಂಗು.’

‘ಆ ಕಾಳಿ ಎಂಥ ಮಾಡ್ತಾಳೆ?’

‘ಆನೆಗೆ ಹೆದರ್ತಾಳೆ. ಮೊಮ್ಮಗು ನೋಡ್ಬೇಕು ಅಂತ ಆಸೆ.’

‘ಆನೆಗೆ ಎಲ್ಲರೂ ಹೆದರ್ತಾರೆ, ಅದಕ್ಕೆ ನಾಟಕ ಬೇಡ. ಮೊಮ್ಮಗು ಎಲ್ಲಿಂದ ತರ್ಲಿ? ನನ್ನ ಮಗಳಿಗೇ ಇನ್ನೂ ಮದ್ವೆ ಆಗಿಲ್ಲ.’ ಸಿದ್ದಿ ಜೀಪಿನವನಿಗೆ ನಿಲ್ಲೆಂದು ಕೈಮಾಡಿದಳು. ‘ಯಮುನಕ್ಕನ ಮಗಳು ಅಂತ ಒಪ್ತೇನೆ. ಆದ್ರೆ ಫೋನ್ ಆಫ್ ಮಾಡೋಕೆ ಆಗಲ್ಲ. ಎಪ್ಪತ್ತು ಜನ ಇದ್ದಾರೆ.’

‘ಸೈಲೆಂಟಲ್ಲಿ ಇಡಿ.’

‘ಅದು ಹೆಂಗೆ ಅಂತ ಗೊತ್ತಿಲ್ಲ. ಇಲ್ಲಿ ತನಕ ಬೇಕಾಗಿಲ್ಲ.’

ಮೋನಿಷಾ ಅವಳ ಕೈಯಲ್ಲಿದ್ದ ಫೋನನ್ನು ಆ ದಿನ ಸೈಲೆಂಟಿಗೆ ಹಾಕುವುದು ಹೇಗೆಂದು ತೋರಿಸಿಕೊಟ್ಟಳು. ಎರಡು ಫೋನು ಉಟ್ಟು ಎಂದು ಅಮ್ಮ ಹೇಳಿದ್ದು ಆ ಗಳಿಗೆಯಲ್ಲಿ ಅವಳ ತಲೆಗೆ ಬರಲಿಲ್ಲ.

ಪ್ರೊಫೆಸರ್ ಬ್ರಿಗಿಟ್ಟೆ ಬಂದರು. ಒಳ್ಳೆಯ ಹೆಂಗಸು. ಹೋಂಸ್ಟೇಯಲ್ಲಿ ಕೊಟ್ಟದ್ದನ್ನೆಲ್ಲ ತಿಂದರು, ಎಲ್ಲರಿಗೂ ಕೈಮುಗಿದರು, ನಾಯಿಗೂ ಒಮ್ಮೆ ಮುಗಿದರು. ಪಂಚಾಯಿತಿಯ ಒಪ್ಪಿಗೆ ಪಡೆದು ಬಸ್ ಸ್ಟಾಪಿನ ಕಂಬಕ್ಕೆ ಮರದ ಗುಂಡಿಯನ್ನು ತಾವೇ ಕೂರಿಸಿದರು. ಜೀಪಿನ ತೀರ್ಥಪ್ರಸಾದನ ಫೋನಿಗೆ ಆ್ಯಪ್ ಹಾಕಿ, ಕಾಳಿ ಎಂಬ ಹೆಸರಿನಲ್ಲಿ ಸಂದೇಶ ಬಂದರೆ ಸ್ಟಾಪಿಗೆ ಬರಬೇಕೆಂದು ಅವನಿಗೆ ತಿಳಿಸಲಾಯಿತು. ಅವನು ತಲೆಯಾಡಿಸಿದ. ಕಾಳಿ ಯಾರೆಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಕೊಯ್ಲಿಗೆ ರಜೆಯಿದ್ದ ಭಾನುವಾರ, ಹತ್ತು ಗಂಟೆಗೆ ಸಂದರ್ಶನ ಶುರುವಾಯಿತು. ಸಿದ್ದಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪ್ರೊಫೆಸರ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಮೋನಿಷಾ ಕನ್ನಡಕ್ಕೆ ತರಬೇಕಿತ್ತು.

‘ನಿಮ್ಮ ದಿನದ ಪ್ರಯಾಣದಲ್ಲಿ ನಿಮಗೆ ಅತ್ಯಂತ ಒಂಟಿ ಅನಿಸುವ ಕ್ಷಣ ಯಾವುದು?’

‘ಒಂಟಿಯಾ?’ ಸಿದ್ದಿ ಯೋಚಿಸಿದಳು. ‘ಜೀಪಿನಲ್ಲಿ ಹದಿನಾಲ್ಕು ಜನ ಕೂತಿರ್ತೇವೆ. ನನ್ನ ಒಂದು ಕಾಲು ಹೊರಗೇ ಇರ್ತದೆ. ಆ ಕಾಲಿಗೆ ಬೇಕಾದ್ರೆ ಒಂಟಿ ಅನಿಸಬಹುದು.’

ಮೋನಿಷಾ ಗಂಟಲು ಸರಿಮಾಡಿಕೊಂಡು, ‘ಜನರ ನಡುವೆ ಇದ್ದಾಗಲೇ ಒಂಟಿ ಅನಿಸುತ್ತದಂತೆ’ ಎಂದಳು. ಪ್ರೊಫೆಸರ್ ಕಣ್ಣು ಒರೆಸಿಕೊಂಡು ಬರೆದುಕೊಂಡರು. ತರ್ಜುಮೆ ಇಷ್ಟು ಸಲೀಸೆಂದು ಮೋನಿಷಾಳಿಗೆ ಗೊತ್ತಿರಲಿಲ್ಲ. ಮುಂದಿನ ಪ್ರಶ್ನೆ ಅಷ್ಟರಲ್ಲೇ ಬಂದಿತ್ತು.

ಕೊನೆಗೆ ಗುಂಡಿ. ಸಿದ್ದಿ ಎದ್ದು, ಸೆರಗು ಸರಿಮಾಡಿಕೊಂಡು, ಅಂಗೈಯಿಟ್ಟು ಒತ್ತಿದಳು. ನೀಲಿ ದೀಪ ಹತ್ತಿತು. ಪ್ರೊಫೆಸರ್ ಗಡಿಯಾರ ನೋಡಿದರು. ಮೂವರೂ ಸುಮ್ಮನೆ ರಸ್ತೆಯನ್ನೇ ನೋಡುತ್ತ ನಿಂತರು.

ಎಲ್ಲೋ ಹತ್ತಿರದಲ್ಲೇ ಕೋಳಿ ಕೂಗಿತು.

ಪ್ರೊಫೆಸರ್ ಸುತ್ತ ನೋಡಿದರು, ಕೋಳಿ ಕಾಣಲಿಲ್ಲ. ಮತ್ತೆ ಕೂಗಿತು. ಸಿದ್ದಿ ಆಕಾಶ ನೋಡಿದಳು. ಮೂರನೇ ಸಲ ಕೂಗಿದಾಗ, ಅದು ಅವಳ ಸೊಂಟದ ಚೀಲದಿಂದ ಬರುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಎಪ್ಪತ್ತು ಜನರ ಜವಾಬ್ದಾರಿ ಹೊತ್ತವಳು ಎಷ್ಟು ಹೊತ್ತು ತಡೆದಾಳು? ಫೋನ್ ತೆಗೆದಳು.

‘ಎಂಥದಾ ತೀರ್ಥ?’

ಆ ಫೋನಿನಲ್ಲಿ ಮಾತಾಡಿದ್ದು ಮೂರು ಮನೆಗೆ ಕೇಳಿಸುತ್ತಿತ್ತು. ‘ಸಿದ್ದಕ್ಕ, ಯಾವಳೋ ಕಾಳಿ ಅಂತೆ, ತಿತಿಮತಿ ಸ್ಟಾಪಿಂದ ಗಾಡಿ ಕೇಳ್ತಿದ್ದಾಳೆ. ಹೋಗ್ಲಾ? ನಿಮ್ಮ ಕಡೆಯವಳಾ?’

ಸಿದ್ದಿ ಮೋನಿಷಾಳನ್ನು ನೋಡಿದಳು. ಆಮೇಲೆ ಪ್ರೊಫೆಸರನ್ನು ನೋಡಿದಳು.

‘ನಮ್ಮ ಕಡೆಯವಳಲ್ಲ, ಜರ್ಮನಿಯವಳು. ಬಾ’ ಎಂದು ಇಟ್ಟಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೋನಿಷಾ ಎಲ್ಲವನ್ನೂ ಹೇಳಿದಳು: ಬಸ್ಸಿನ ಹಿಂದಿನ ಸೀಟು, ಮಾಡದ ಐದು ಸಂದರ್ಶನ, ಇಲ್ಲದ ಮೊಮ್ಮಗು. ಹೇಳುತ್ತ ಹೇಳುತ್ತ, ತನ್ನನ್ನು ಇವತ್ತೇ ವಿಶ್ವವಿದ್ಯಾಲಯದಿಂದ ಹೊರಗೆ ಹಾಕುತ್ತಾರೆ, ಅಪ್ಪ ಪೇಟೆಗೆ ಹೋಗುವುದನ್ನೇ ಬಿಡುತ್ತಾರೆ ಎಂದು ಅವಳಿಗೆ ಖಚಿತವಾಯಿತು. ಅಷ್ಟರಲ್ಲಿ ಜೀಪು ಬಂತು. ಪ್ರೊಫೆಸರ್ ಗಡಿಯಾರ ನೋಡಿ, ಹನ್ನೊಂದು ನಿಮಿಷ ಎಂದು ಬರೆದುಕೊಂಡರು.

‘ನಿನ್ನ ಮೇಲೆ ನನಗೆ ಬೇಸರವಿದೆ’ ಎಂದರು ಪೆನ್ನು ಮುಚ್ಚುತ್ತ. ‘ಆದರೆ ಪರ್ಸೋನಾ ಎಂದರೆ ಹೇಗೂ ಕಲ್ಪನೆಯೇ. ವರದಿಯಲ್ಲಿ ಕಾಳಿ ಇದ್ದಾಳೆ, ಅನುದಾನದಲ್ಲಿ ಇದ್ದಾಳೆ. ಇಂಥವರು ಎಲ್ಲಾದರೂ ಇದ್ದೇ ಇರುತ್ತಾರೆ.’

‘ಆದರೆ ಇವರು ಇದ್ದಾರಲ್ಲ! ಇಲ್ಲಿಯ ಸಾರಿಗೆಯನ್ನೆಲ್ಲ ನಡೆಸುವವರೇ ಇವರು’ ಎಂದಳು ಮೋನಿಷಾ ಸಿದ್ದಿಯನ್ನು ತೋರಿಸಿ.

‘ಹೌದು, ಅಸಾಧಾರಣ ಹೆಂಗಸು. ಆದ್ದರಿಂದಲೇ ನಮಗೆ ಉಪಯೋಗವಿಲ್ಲ. ಇವರು ಮಾದರಿ ಬಳಕೆದಾರರಲ್ಲ.’ ಹಾಗೆನ್ನುತ್ತಲೇ ಪ್ರೊಫೆಸರ್ ಚೀಲದಿಂದ ಯೋಜನೆಯ ಪರಿಚಯದ ಮಡಿಕೆ ಕಾಗದವನ್ನು ತೆಗೆದು, ಅದರ ಮೇಲೆ ಅಚ್ಚಾಗಿದ್ದ ಕಾಳಿಯ ಮುಖವನ್ನೂ ಎದುರಿಗಿದ್ದ ಮುಖವನ್ನೂ ಹೋಲಿಸಿ ನೋಡಿದರು. ಕೈಚಾಚಿದ ಸಿದ್ದಿಗೆ ಅದನ್ನು ಕೊಟ್ಟುಬಿಟ್ಟರು.

‘ಇದು ನಾನಲ್ವಾ?’ ಎಂದಳು ಸಿದ್ದಿ. ‘ಕೆಳಗೆ ಎಂಥ ಬರ್ದಿದೆ? ಓದಕ್ಕ.’

ಮೋನಿಷಾ ಕನ್ನಡದಲ್ಲಿ ಓದಿ ಹೇಳಿದಳು. ಈ ಸಲ ಒಂದು ಶಬ್ದವನ್ನೂ ಬದಲಿಸಲಿಲ್ಲ. ಸಿದ್ದಿ ಪೂರ್ತಿ ಕೇಳಿದಳು.

‘ಮುಖ ನಂದು, ಹೆಸರು ಯಾರದ್ದೋ, ಮೊಮ್ಮಗು ಇನ್ಯಾರದ್ದೋ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮೋನಿಷಾಳಿಗೆ ಹಗುರವಾಗುತ್ತಿತ್ತು. ‘ಇದು ನಿಮ್ಮ ಕಣದಲ್ಲಿ ತೆಗೆದದ್ದು. ಆ ದಿನ ನೀವೇ ನಂಗೆ ಕಾಫಿ ತಂದು ಕೊಟ್ಟಿದ್ರಿ. ಹೆಸರು ಕೇಳಿದ್ರೆ ಹೇಳ್ತಿದ್ದೆನಲ್ಲ ಅಕ್ಕ. ಅದಕ್ಕೇನು, ಎರಡಕ್ಷರ.’

ಮೋನಿಷಾಳ ಮುಖ ಕಿವಿಯವರೆಗೆ ಕಾದಿತು. ‘ತಪ್ಪಾಯ್ತು ಸಿದ್ದಕ್ಕ’ ಎಂದಳು.

ಇವರಿಬ್ಬರ ನಡುವೆ ಏನು ನಡೆಯಿತೆಂದು ಪ್ರೊಫೆಸರ್ ಕೇಳಿದರು. ಫೋಟೋವನ್ನು ಕೇಳದೆ ಬಳಸಿದೆ ಎಂದು ಮೋನಿಷಾ ಹೇಳಿದ್ದೇ ತಡ, ಇಲ್ಲಿಯವರೆಗೆ ಸುಳ್ಳು ಕೇಳಿಯೂ ಕದಲದ ಪ್ರೊಫೆಸರರ ಮುಖ ಬಿಳಿಚಿಕೊಂಡಿತು.

‘ಒಪ್ಪಿಗೆ ಪತ್ರಕ್ಕೆ ಸಹಿ ಇಲ್ಲವೇ?’

‘ಇಲ್ಲ.’

‘ಆ ಪೋಸ್ಟರ್ ಹತ್ತು ತಿಂಗಳಿಂದ ಬಾಗಿಲಲ್ಲಿದೆ! ವೆಬ್‌ಸೈಟಿನಲ್ಲಿದೆ! ಸಂಶೋಧನೆಯ ನೀತಿ ಸಮಿತಿಗೆ ಗೊತ್ತಾದರೆ?’ ಇಲ್ಲದ ಹೆಂಗಸೊಬ್ಬಳನ್ನು ಇದ್ದಾಳೆಂದು ಹೇಳಿದ್ದು ಕಲ್ಪನೆ. ಇರುವ ಹೆಂಗಸಿನ ಸಹಿ ಇಲ್ಲದ್ದು ಅಪರಾಧ. ಅವರು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಚೀಲದಿಂದ ನಾಲ್ಕು ಪುಟದ, ಕನ್ನಡಕ್ಕೂ ತರ್ಜುಮೆ ಮಾಡಿಸಿದ್ದ ಪತ್ರವನ್ನು ತೆಗೆದು ಪೆನ್ನಿನ ಸಮೇತ ಸಿದ್ದಿಯ ಮುಂದೆ ಹಿಡಿದರು.

ಸಿದ್ದಿ ನಾಲ್ಕೂ ಪುಟವನ್ನು ಓದಿಸಿದಳು. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಓದಿಸಿದಳು. ಕೊನೆಗೆ ಬೆರಳಿಟ್ಟು ಕೇಳಿದಳು, ‘ಇಲ್ಲಿ ಹೆಸರು ಅಂತ ಇದೆಯಲ್ಲ, ಎಂಥ ಬರೀಬೇಕು?’

‘ನಿಮ್ಮ ಹೆಸರು.’

‘ಹಂಗಾದ್ರೆ ಆ ಬೋರ್ಡಲ್ಲೂ ಅದನ್ನೇ ಬರೀಲಿ. ಫೋನಿಲ್ಲ ಅನ್ನೋದನ್ನ ಹೊಡೆದುಹಾಕ್ಲಿ. ನಡೀತಾಳೆ ಅಂತ ಇದೆಯಲ್ಲ, ನಡೆಸ್ತಾಳೆ ಅಂತ ಮಾಡ್ಲಿ. ಇವತ್ತೇ ಸೈನ್ ಹಾಕ್ತೇನೆ.’

ಮೋನಿಷಾ ಹೇಳಿದಳು. ಪ್ರೊಫೆಸರ್ ಆಗದೆಂದು ತಲೆಯಲ್ಲಾಡಿಸಿದರು. ಫೋನಿರುವವಳಿಗೆ ಮರದ ಗುಂಡಿ ಯಾಕೆ ಎಂದು ಅನುದಾನ ಕೊಟ್ಟವರು ಕೇಳುವುದಿಲ್ಲವೇ? ಅದೇ ಸಂಜೆ ಅವರು ಜರ್ಮನಿಗೆ ಮೇಲ್ ಕಳಿಸಿ ಪೋಸ್ಟರ್ ಇಳಿಸಿದರು. ವಾರದೊಳಗೆ ಫೋಟೋದ ಜಾಗಕ್ಕೆ ಕಲಾವಿದನೊಬ್ಬನ ಕೈಯ ಚಿತ್ರ ಬಂತು. ಚಿತ್ರದ ಕಾಳಿಗೆ ಇನ್ನೂ ಹೆಚ್ಚು ಸುಕ್ಕುಗಳಿದ್ದವು. ಅವಳು ಯಾರ ಹಾಗೂ ಇರಲಿಲ್ಲವಾದ್ದರಿಂದ ಯಾರ ಸಹಿಯೂ ಬೇಕಾಗಲಿಲ್ಲ.

ಪ್ರೊಫೆಸರ್ ಹೋದ ಮೇಲೆ ಮೋನಿಷಾ ಮೂರು ದಿನ ಮನೆಯಿಂದ ಹೊರಬೀಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ತಿತಿಮತಿಗೆ ಹೋಗಿ ಜಗಲಿಯ ತುದಿಯಲ್ಲಿ ಕೂತಳು. ಕ್ಯಾಮರಾ ಇರಲಿಲ್ಲ, ಪ್ರಶ್ನೆಯ ಪಟ್ಟಿಯೂ ಇರಲಿಲ್ಲ. ಸಿದ್ದಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಎರಡನೇ ದಿನ, ‘ಸುಮ್ಮನೆ ಕೂರೋದಾದ್ರೆ ಆ ಕಡೆ ಜೀಪಿಗೆ ಎಷ್ಟು ಜನ ಹತ್ತಿದ್ರು ನೋಡಿ ಹೇಳು’ ಎಂದಳು. ‘ನೀವು’ ಹೋಗಿ ‘ನೀನು’ ಬಂದಿತ್ತು. ಮೋನಿಷಾ ಎಣಿಸಿದಳು. ತಪ್ಪು ಎಣಿಸಿದಳು, ಬೈಸಿಕೊಂಡಳು.

ಆರನೇ ದಿನ, ಕೊಯ್ಲು ಮುಗಿಸಿ ಬಂದ ಸಂಜೆ, ಸಿದ್ದಿ ಹಾಡಿಯ ಮನೆಯಲ್ಲಿ ಟ್ರಂಕಿನಿಂದ ಒಂದು ಹೊಸ ಸ್ಮಾರ್ಟ್‌ಫೋನ್ ತೆಗೆದು ತೋರಿಸಿದಳು. ಮಗಳು ಸೌಜನ್ಯ ತಂದುಕೊಟ್ಟದ್ದು. ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು.

‘ಯಾಕೆ ಬಳಸಲ್ಲ ಸಿದ್ದಕ್ಕ? ಕಷ್ಟ ಆಗ್ತದಾ?’

‘ಕಷ್ಟ ಎಂಥದ್ದು! ನೋಡು.’ ಸಿದ್ದಿ ಅದನ್ನು ಕವರಿನಿಂದ ತೆಗೆದು, ಆನ್ ಮಾಡಿ, ಬೆರಳಿನಿಂದ ಗಾಜನ್ನು ಉಜ್ಜಿದಳು. ಏನೂ ಆಗಲಿಲ್ಲ. ಇನ್ನೊಂದು ಬೆರಳು, ಆಗಲೂ ಇಲ್ಲ. ದಿನವಿಡೀ ಕಾಫಿಹಣ್ಣು ಕೊಯ್ದ ಕೈ ಅದು. ಹಣ್ಣಿನ ಅಂಟು, ಅದರ ಮೇಲೆ ಕೂತ ಮಣ್ಣು, ಎರಡೂ ಸೇರಿ ಬೆರಳ ತುದಿಗೆ ಕಪ್ಪು ತೊಗಲು ಹೊದಿಸಿದ್ದವು. ‘ಮೂರು ತಿಂಗಳು ಇದು ಹೋಗಲ್ಲ, ಸೋಪು ಹಾಕಿದ್ರೂ. ಈ ಫೋನಿಗೆ ನಾನು ಇದ್ದೇನೆ ಅಂತಾನೇ ಗೊತ್ತಾಗಲ್ಲ. ಬಟನ್ ಫೋನಿಗೆ ಗೊತ್ತಾಗ್ತದೆ.’

ವರ್ಷಕ್ಕೂ ಮೇಲೆ ಬೆರಳು, ಪರದೆ, ಬಳಕೆದಾರ ಎಂದೇ ಓದಿದ್ದ ಮೋನಿಷಾ ಆ ಕೈಯನ್ನು ನೋಡುತ್ತ ಕೂತಳು. ಅವಳ ಮನೆಯ ಕಣದಲ್ಲಿ ಪ್ರತಿ ವರ್ಷ ಅಂಥ ನಲವತ್ತು ಕೈಗಳು ಓಡಾಡುತ್ತಿದ್ದವು.

ಥೀಸಿಸ್ ಅನ್ನು ಅವಳು ಸಿದ್ದಿಯ ಮೇಲೇ ಬರೆದಳು. ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಿದ್ದಿ ಸಹಿ ಹಾಕಿದಳು, ಆದರೆ ಪ್ರತಿ ಅಧ್ಯಾಯವನ್ನೂ ಫೋನಿನಲ್ಲಿ ಓದಿಸಿಕೊಂಡ ಮೇಲೆ. ಪರೀಕ್ಷಕರು ಮೆಚ್ಚಿದರು, ಆಮೇಲೆ ಒಬ್ಬರು, ‘ಇದರಲ್ಲಿ ಡಿಸೈನ್ ಎಲ್ಲಿ? ಒಂದು ಪರದೆಯೂ ಇಲ್ಲವಲ್ಲ?’ ಎಂದರು. ಇರುವುದು ಚೆನ್ನಾಗಿ ನಡೆಯುತ್ತಿದೆ, ಜೀಪಿಗೆ ಇನ್ನೆರಡು ಸೀಟು ಬೇಕು ಅಷ್ಟೇ ಎಂದು ಅವಳು ಉತ್ತರಿಸಿದಳು. ಅದು ತಮ್ಮ ವಿಭಾಗದ ವಿಷಯವಲ್ಲ ಎಂದರು. ಪಾಸಾಗುವಷ್ಟು ಅಂಕ ಬಂತು. ಅದೇ ತಿಂಗಳು, ಚಿತ್ರದ ಕಾಳಿಯೂ ಮರದ ಗುಂಡಿಯೂ ಒಂದು ದೊಡ್ಡ ಪ್ರದರ್ಶನದಲ್ಲಿ ಬಹುಮಾನ ಪಡೆದವು.

ಕಾರಿನ ಕಂಪನಿಯೊಂದರ ಸಂದರ್ಶನದಲ್ಲಿ, ‘ಓ, ಕಾಳಿಯನ್ನು ಮಾಡಿದವಳು ನೀನೇ ಅಲ್ಲವೇ!’ ಎಂದು ಎದ್ದು ಕೈಕುಲುಕಿದರು. ಹೌದು ಎಂದಿದ್ದರೆ ಕೆಲಸ ಸಿಗುತ್ತಿತ್ತು. ಮೋನಿಷಾ ಸಿದ್ದಿಯ ಪುಟಗಳನ್ನು ತೆರೆದು ತೋರಿಸಿದಳು. ಅವರು ನಯವಾಗಿ ನೋಡಿ, ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ಆಮೇಲೆ ಅದೇ ಊರಿನ ಬಸ್ ಸಂಸ್ಥೆಯಲ್ಲಿ, ಪ್ರಯಾಣಿಕರ ದೂರು ಕೇಳುವ ವಿಭಾಗದಲ್ಲಿ ಒಂದು ಸಣ್ಣ ಕೆಲಸ ಸಿಕ್ಕಿತು.

ಅದನ್ನು ಹೇಳಲು ಅವಳು ಸಿದ್ದಿಗೆ ಫೋನ್ ಮಾಡಿದಳು.

‘ಅಲ್ಲಿ ಎಂಥ ಕೆಲ್ಸ ನಿಂದು?’

‘ಬಸ್ ಯಾಕೆ ಬಂದಿಲ್ಲ ಅಂತ ಜನ ಫೋನ್ ಮಾಡ್ತಾರೆ. ನಾನು ತೆಗ್ದು ಕೇಳ್ತೇನೆ. ಆಮೇಲೆ ಬಸ್ ಎಲ್ಲಿದೆ ಅಂತ ಡ್ರೈವರನ್ನ ಕೇಳ್ತೇನೆ.’

ಆಚೆಯಿಂದ ಸಿದ್ದಿಯ ನಗು ಕೇಳಿಸಿತು, ಕೆಮ್ಮು ಬರುವಷ್ಟು ನಗು.

‘ಅದನ್ನ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ್ತಿ?’

ಮೋನಿಷಾ ಕೂಡ ನಕ್ಕಳು. ‘ಇಲ್ಲಿ ಐದು ನಿಮಿಷ ತಡ ಆದ್ರೂ ಬೈತಾರೆ ಸಿದ್ದಕ್ಕ.’

‘ಬೈಯ್ಲಿ ಬಿಡು. ಬರ್ತದೆ ಅಂತ ನಂಬಿಕೆ ಇರೋರು ಮಾತ್ರ ಬೈಯೋದು’ ಎಂದಳು ಸಿದ್ದಿ. ಆಚೆ ಯಾರೋ ಅವಳನ್ನು ಕರೆಯುತ್ತಿದ್ದರು. ಇಡ್ತೇನೆ ಎಂದೂ ಹೇಳದೆ ಇಟ್ಟಳು.